ಮುಷ್ಟಿಯೊಳಗಿನ ಶೇಂಗಾ, ಪುಟಾಣಿ

ಮಕ್ಕಳ ವಾರ್ಡಿನಲ್ಲಿ ಮನೆಯವರಿಗೆ ಕಾಯಿಲೆ ತಿಳಿಸಿ ಹೇಳುವುದು, ಸಮಾಧಾನ ಹೇಳುವುದು ನನ್ನ ಕೆಲಸ. ಅಲ್ಲಿ ನನ್ನ ಕಿವಿಗೆ ಜಾಸ್ತಿ ಬೀಳುವ ಪ್ರಶ್ನೆ ‘ಮಗುವಿಗೆ ಈ ಕಾಯಿಲೆ ಯಾರ ಕಡೆಯಿಂದ ಬಂತು?’ ಅನ್ನೋದು. ಗಂಡನ ಮನೆಯವರು ಸೊಸೆಯ ತವರಿನತ್ತ ಬೊಟ್ಟು ಮಾಡುತ್ತಾರೆ, ತವರಿನವರು ಇತ್ತ. ಆದರೆ ಕಲಬುರಗಿಯಲ್ಲಿ ನನಗೆ ಮತ್ತೆ ಮತ್ತೆ ಎದುರಾಗುವ ಕೆಲವು ಮನೆಗಳಲ್ಲಿ ಎರಡು ಕಡೆ ಅನ್ನೋದೇ ಇರುವುದಿಲ್ಲ. ಗಂಡನೇ ಸೋದರಮಾವ, ಅತ್ತೆಯೇ ಅಜ್ಜಿ. ಬೈಯೋಣ ಅಂದರೂ ಹೊರಗಿನವರು ಸಿಗುವುದಿಲ್ಲ. ಅಂಥ ಒಂದು ಮನೆಯ ವಿಷಯ ಇದು. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.

ಕೂಸಿಗೆ 8 ತಿಂಗಳು. ಹುಟ್ಟಿದಾಗ ಚೆನ್ನಾಗಿಯೇ ಇತ್ತು. ಆರು ತಿಂಗಳ ಹೊತ್ತಿಗೆ ಬಿಳಿಚಿಕೊಂಡಿತು, ಹಾಲು ಕುಡಿಯುತ್ತಲೇ ಸುಸ್ತಾಗಿ ಮಲಗಿಬಿಡುತ್ತಿತ್ತು. ಊರ ಕಡೆ ‘ರಕ್ತ ಕಡಿಮೆ’ ಅಂತ ಕಬ್ಬಿಣದ ಟಾನಿಕ್ ಕೊಟ್ಟರು. ಶರಣಬಸವೇಶ್ವರ ಗುಡಿಗೆ ಹೋಗಿ ಬಂದರು, ಬಂದೇನವಾಜ್ ದರ್ಗಾಕ್ಕೂ ಹೋಗಿ ಬಂದರು. ಆಸ್ಪತ್ರೆಗೆ ಬಂದಾಗ ಹಿಮೋಗ್ಲೋಬಿನ್ ಬರೀ 4 ಇತ್ತು. ಗುಲ್ಮ ದೊಡ್ಡದಾಗಿ ಹೊಟ್ಟೆ ಮುಂದೆ ಬಂದಿತ್ತು. ರಕ್ತ ಏರಿಸುವ ಮುಂಚೆಯೇ ಡಾಕ್ಟರು ಎಚ್‌ಪಿಎಲ್‌ಸಿ ಪರೀಕ್ಷೆಗೆ, ಅಂದರೆ ರಕ್ತದಲ್ಲಿ ಯಾವ ಬಗೆಯ ಹಿಮೋಗ್ಲೋಬಿನ್ ಎಷ್ಟಿದೆ ಅಂತ ನೋಡುವ ಪರೀಕ್ಷೆಗೆ, ಸ್ಯಾಂಪಲ್ ತೆಗೆಸಿದ್ದು ಪುಣ್ಯ. ಬೇರೆಯವರ ರಕ್ತ ಸೇರಿದ ಮೇಲೆ ಆ ಪರೀಕ್ಷೆಯನ್ನು ನಂಬುವುದು ಕಷ್ಟ. ಥಲಸ್ಸೇಮಿಯಾ ಮೇಜರ್ ಅಂತ ವರದಿ ಬಂತು. ಮೈಯಲ್ಲಿ ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದ, ಅಪ್ಪ ಅಮ್ಮನಿಂದ ಬರುವ ರಕ್ತದ ಕಾಯಿಲೆ ಇದು. ಅಪ್ಪ, ಅಮ್ಮ ಇಬ್ಬರೂ ವಾಹಕರು, ಅಂದರೆ ತಾವು ಗಟ್ಟಿ ಇದ್ದರೂ ಕಾಯಿಲೆಯ ಜೀನ್ ಒಂದನ್ನು ಹೊತ್ತವರು.

ತಾಯಿಗೆ 21 ವರ್ಷ. ಸೂಜಿ ಅಲುಗಾಡದಿರಲಿ ಅಂತ ಕೂಸಿನ ಕೈಗೆ ರಟ್ಟಿನ ತುಂಡು ಕಟ್ಟಿರುತ್ತಾರಲ್ಲ, ಅದನ್ನೇ ಹಿಡಿದುಕೊಂಡು ಇಡೀ ದಿನ ಕೂತಿರುತ್ತಿದ್ದಳು. ಗಂಡನನ್ನು ಇನ್ನೂ ‘ಮಾಮಾ’ ಅಂತಲೇ ಕರೆಯುತ್ತಿದ್ದಳು. ಆಯಿ ಜೊತೆ ಮಾತ್ರ ಮಾತು ಬಿಟ್ಟಿದ್ದಳು. ಆಯಿ ಅಂದರೆ ಅವಳ ತಾಯಿಯ ತಾಯಿ, ಗಂಡನ ತಾಯಿ, ಈ ಮದುವೆ ಕೂಡಿಸಿದವಳು. ವಾರ್ಡಿನ ಹೊರಗೆ ಗೋಡೆಗೆ ಒರಗಿ ಕೂತು, ಬಂದವರಿಗೆಲ್ಲ ‘ದೃಷ್ಟಿ ಆಗ್ಯಾದ’ ಅನ್ನುತ್ತಿದ್ದಳು.

ಐದನೇ ದಿನ ಮೂವರನ್ನೂ ಒಟ್ಟಿಗೆ ಕೂರಿಸಿದೆ. ಆಯಿಯ ಚೀಲದಲ್ಲಿ ಶೇಂಗಾ, ಪುಟಾಣಿ ಇದ್ದವು. ಕೇಳಿ ಇಸಿದುಕೊಂಡೆ. ಗಂಡನ ಒಂದು ಮುಷ್ಟಿಯಲ್ಲಿ ಶೇಂಗಾ, ಇನ್ನೊಂದರಲ್ಲಿ ಪುಟಾಣಿ ಇಟ್ಟೆ. ಹೆಂಡತಿಗೂ ಹಾಗೇ. ‘ಶೇಂಗಾ ಅಂದ್ರ ಛಲೋ ಬೀಜ, ಪುಟಾಣಿ ಅಂದ್ರ ಕೆಟ್ಟದ್ದು. ಒಂದು ಶೇಂಗಾ ಇದ್ರ ಸಾಕು, ಮನುಷ್ಯಾ ಗಟ್ಟಿ ಇರ್ತಾನ. ಇವರಿಬ್ರೂ ಹಂಗೇ ಅದಾರ. ಕೂಸಿಗೆ ಇಬ್ಬರ ಕಡಿಂದನೂ ಒಂದೊಂದು ಹೋಗ್ತದ. ಆಯಿ, ನೀವೇ ಆರಿಸ್ರಿ’ ಅಂದೆ.

ಆಯಿ ಮಗನ ಒಂದು ಮುಷ್ಟಿ, ಮೊಮ್ಮಗಳ ಒಂದು ಮುಷ್ಟಿ ಮುಟ್ಟಿದಳು. ಶೇಂಗಾ, ಪುಟಾಣಿ. ಬೆನ್ನ ಹಿಂದೆ ಅದಲು ಬದಲು ಮಾಡಿಸಿ ಮತ್ತೆ ಹಿಡಿಸಿದೆ. ಎರಡೂ ಶೇಂಗಾ. ಆಯಿ ನಕ್ಕಳು. ಮೂರನೇ ಸಲ ಇಬ್ಬರೂ ಅಂಗೈ ಬಿಚ್ಚಿದರೆ ಎರಡೂ ಪುಟಾಣಿ. ಆಯಿಯ ಕೈ ಅಲ್ಲೇ ನಿಂತುಬಿಟ್ಟಿತು.

‘ಹೊಲ ಹೊರಗ ಹೋಗಬಾರದಂತ ಮನ್ಯಾಗೇ ಕೊಟ್ಟೆ ಯವ್ವಾ. ಈಗ ರಕ್ತ ಹೊರಗಿಂದ ತರೂದು ಬಂತು’ ಅಂದಳು. ಸ್ವಲ್ಪ ಹೊತ್ತು ಬಿಟ್ಟು, ‘ನಂದೇ ತಪ್ಪಾ?’ ಅಂತ ಕೇಳಿದಳು.

‘ಗೊತ್ತಿಲ್ದೆ ಮಾಡಿದ್ದಕ್ಕ ನಾ ತಪ್ಪು ಅನ್ನಂಗಿಲ್ಲ ಆಯಿ. ಆದ್ರ ಹತ್ತಿರದ ಸಂಬಂಧದಾಗ ಕೊಟ್ಟಿದ್ದಕ್ಕ ಇಬ್ಬರ ಕೈಯಾಗೂ ಪುಟಾಣಿ ಇರೂ ಚಾನ್ಸ್ ಜಾಸ್ತಿ ಆಯ್ತು. ಅದು ಖರೇ. ಇನ್ನ ಮುಂದ ಮಾಡಿದ್ರ ಗೊತ್ತಿದ್ದೇ ಮಾಡಿದಂಗ’ ಅಂದೆ.

ಆಯಿಗೆ ಅರ್ಥವಾಯಿತು. ಈ ಹುಡುಗಿಯ ತಂಗಿಯನ್ನು ಆಯಿಯ ಇನ್ನೊಬ್ಬ ಮೊಮ್ಮಗನಿಗೆ ಕೊಡುವ ಮಾತು ನಡೆದಿತ್ತು. ಹಿಂದಿನ ದಿನವಷ್ಟೇ ತಾಯಿ ನನಗೆ ಹೇಳಿದ್ದಳು.

‘ವಯಸ್ಸಾದ ಜೀವ, ದೇವರ ಇಚ್ಛೆ ಅಂದು ಕಳಿಸಿದ್ದರೆ ಆಗುತ್ತಿರಲಿಲ್ಲವಾ?’ ಅಂತ ಆಮೇಲೆ ನನ್ನ ಜೊತೆ ಕೆಲಸ ಮಾಡುವವರೊಬ್ಬರು ಕೇಳಿದರು. ಆಗುತ್ತಿತ್ತು. ಆಯಿ ಅತ್ತು ಹಗುರಾಗುತ್ತಿದ್ದಳು. ಆ ತಂಗಿಯ ನಿಶ್ಚಿತಾರ್ಥವೂ ಆಗಿಹೋಗುತ್ತಿತ್ತು. ಸಮಾಧಾನ ಹೇಳುವುದು ನನ್ನ ಕೆಲಸ ನಿಜ, ಆದರೆ ಸುಳ್ಳು ಸಮಾಧಾನ ಹೇಳಿ ಇನ್ನೊಂದು ಕೂಸನ್ನು ಇದೇ ವಾರ್ಡಿನಲ್ಲಿ ನೋಡುವ ಧೈರ್ಯ ನನಗಿಲ್ಲ.

ಹಾಗಂತ ಸಂಬಂಧದಲ್ಲಿ ಮದುವೆಯೇ ಬೇಡ ಅಂತ ಭಾಷಣ ಮಾಡುವವಳಲ್ಲ ನಾನು. ಮೊದಲು ಮಾಡುತ್ತಿದ್ದೆ. ಜನ ಊರಿನ ಹತ್ತು ಗಟ್ಟಿಮುಟ್ಟು ಮಕ್ಕಳನ್ನು ತೋರಿಸುತ್ತಿದ್ದರು, ಅದೂ ಸುಳ್ಳಲ್ಲ. ಸಂಬಂಧವೇ ಇಲ್ಲದ ಇಬ್ಬರು ವಾಹಕರು ಮದುವೆಯಾದರೂ ಇದೇ ಕಾಯಿಲೆ ಬರಬಹುದು. ಹಾಗಾಗಿ ಈಗ ನನ್ನ ಹಟ ಒಂದೇ: ಮಾತು ಪಕ್ಕಾ ಆಗುವ ಮುಂಚೆ ಎಚ್‌ಪಿಎಲ್‌ಸಿ ಮಾಡಿಸಿ. ಇಬ್ಬರಿಗೂ ಮಾಡಿಸಿ. ಹುಡುಗಿಗೆ ಮಾತ್ರ ಮಾಡಿಸಿದರೆ ಅವಳಿಗೊಂದು ಹೆಸರು ಅಂಟುತ್ತದೆ ಅಷ್ಟೇ. ಒಬ್ಬರೇ ವಾಹಕರಾಗಿದ್ದರೆ ಮದುವೆಗೆ ಅಡ್ಡಿಯೇ ಇಲ್ಲ.

ತಂದೆ ಕೇಳಿದ್ದು ಬೇರೆ. ‘ಒಂದಕ್ಕ ಬಂತಲ್ರಿ, ಇನ್ನ ಮುಂದಿನ ಮೂರಕ್ಕ ಬರಂಗಿಲ್ಲಲ್ಲ?’ ನಾಲ್ಕರಲ್ಲಿ ಒಂದು ಅಂತ ಯಾರೋ ಹೇಳಿದ್ದರು. ಈ ತಪ್ಪು ತಿಳಿವಳಿಕೆ ತುಂಬಾ ಸಾಮಾನ್ಯ. ಪ್ರತಿ ಬಸಿರಿನಲ್ಲೂ ಮುಷ್ಟಿ ಹೊಸದಾಗಿ ಹಿಡಿದ ಹಾಗೆ, ಪ್ರತಿ ಸಲವೂ 25 ಪರ್ಸೆಂಟೇ. ಇನ್ನೊಂದು ಮಗು ಬೇಕು ಅನ್ನಿಸಿದರೆ ಮುಂಚೆಯೇ ಡಾಕ್ಟರ ಹತ್ತಿರ ಮಾತಾಡಿ, 10ರಿಂದ 12 ವಾರದೊಳಗೆ ಹೊಟ್ಟೆಯಲ್ಲಿರುವಾಗಲೇ ಪರೀಕ್ಷೆ ಮಾಡಲು ಬರುತ್ತದೆ ಅಂದೆ.

ತಾಯಿಗೆ, ಆಯಿಯನ್ನು ಕ್ಷಮಿಸು ಅಂತ ಹೇಳಲಿಲ್ಲ. ಅದು ನಾನು ಹೇಳುವ ಮಾತಲ್ಲ. ‘ಸಿಟ್ಟು ಇರ್ಲಿ, ಕೂಸಿನ ತಾರೀಖು ತಪ್ಪಿಸಬ್ಯಾಡ’ ಅಂದೆ. 2ರಿಂದ 4 ವಾರಕ್ಕೊಮ್ಮೆ ರಕ್ತ ಏರಿಸಬೇಕು. ಕೂಸು ಬಿಳಿಚಿಕೊಳ್ಳಲಿ ಅಂತ ಕಾಯಬಾರದು, ಹಿಮೋಗ್ಲೋಬಿನ್ 9ಕ್ಕಿಂತ ಕೆಳಗೆ ಇಳಿಯಬಾರದು. ಕಬ್ಬಿಣದ ಟಾನಿಕ್ ಬಂದ್. ಏರಿಸಿದ ರಕ್ತದಿಂದಲೇ ಮೈಯಲ್ಲಿ ಕಬ್ಬಿಣ ಸೇರುತ್ತ ಹೋಗುತ್ತದೆ, ಮುಂದೆ ಅದನ್ನು ತೆಗೆಯಲು ಮಾತ್ರೆ ಬೇಕಾಗುತ್ತದೆ. ಥಲಸ್ಸೇಮಿಯಾ 2016ರ ಅಂಗವಿಕಲರ ಹಕ್ಕು ಕಾಯ್ದೆಯ ಪಟ್ಟಿಯಲ್ಲಿದೆ, ಅಂಗವಿಕಲರ ಕಾರ್ಡ್ ಮಾಡಿಸಿಕೊಳ್ಳಿ ಅಂತಲೂ ಹೇಳಿದೆ. ಅವಳು ನೋಟ್‌ಬುಕ್ಕಿನಲ್ಲಿ ಎಲ್ಲ ಬರೆದುಕೊಂಡಳು. ಐದು ದಿನದಲ್ಲಿ ಆ ರಟ್ಟು ಬಿಟ್ಟು ಅವಳು ಬೇರೇನನ್ನಾದರೂ ಹಿಡಿದಿದ್ದನ್ನು ನಾನು ನೋಡಿದ್ದು ಆಗಲೇ.

ಮೂರು ವಾರಕ್ಕೆ ಕೂಸಿನ ತಾರೀಖು. ಆಯಿ ಜೊತೆಗೆ ಚಿಕ್ಕ ಮೊಮ್ಮಗಳನ್ನೂ, ಆ ಹುಡುಗನನ್ನೂ ಕರೆತಂದಿದ್ದಳು. ತಾಯಿ ಇನ್ನೂ ಆಯಿ ಜೊತೆ ಸರಿಯಾಗಿ ಮಾತಾಡುತ್ತಿರಲಿಲ್ಲ, ಆದರೆ ಪರೀಕ್ಷೆಗೆ ಚೀಟಿ ಬರೆಸುವ ಸಾಲಿನಲ್ಲಿ ತಂಗಿಯ ಪಕ್ಕ ತಾನೇ ನಿಂತಿದ್ದಳು. ವರದಿ ಬಂದಿದೆ. ಏನು ಬಂತು ಅಂತ ಇಲ್ಲಿ ಬರೆಯುವುದಿಲ್ಲ, ಅದು ಆ ಇಬ್ಬರದು.