ಸಿಎ ಫೈನಲ್‌ಗೆ ಆರು ತಿಂಗಳ ಪೂರ್ಣಾವಧಿ ಓದು: ಕೊನೆಯ ಒಂದೂವರೆ ದಿನದಿಂದ ಲೆಕ್ಕ ಹಾಕಿ

ನೀವು ಕೇಳಿರುವುದು ಇಷ್ಟು: ಫೆಬ್ರವರಿ ಕೊನೆಗೆ ಆರ್ಟಿಕಲ್‌ಶಿಪ್ (ಸಿಎ ಕಚೇರಿಯಲ್ಲಿನ ಕಡ್ಡಾಯ ತರಬೇತಿ) ಮುಗಿಯುತ್ತದೆ, ಸೆಪ್ಟೆಂಬರ್‌ನಲ್ಲಿ ಸಿಎ ಫೈನಲ್ ಬರೆಯಬೇಕು, ನಡುವಿನ ಆರು ತಿಂಗಳು ಬೇರೆ ಯಾವ ಕೆಲಸವನ್ನೂ ಹಚ್ಚಿಕೊಳ್ಳದೆ ಓದಬೇಕೆಂದಿದ್ದೀರಿ. ದಿನಕ್ಕೆ ಹದಿನಾಲ್ಕು ಗಂಟೆ ಕೂರಲೇಬೇಕೇ, ಮೂರು ಮೂರು ಪತ್ರಿಕೆಗಳ ಎರಡೂ ಗ್ರೂಪ್ ಒಟ್ಟಿಗೆ ಕಟ್ಟಬೇಕೇ, ವಿಜಯನಗರದ ಪಿ.ಜಿ.ಯಲ್ಲೇ ಉಳಿಯಬೇಕೇ ಅಥವಾ ತಿಪಟೂರಿನ ಮನೆಗೆ ಹೋಗಬೇಕೇ ಎಂಬುದು ನಿಮ್ಮ ಗೊಂದಲ. ನಾನು ಬೆಂಗಳೂರಿನಲ್ಲೇ ಓದಿ ಸಿಎ ಆದವಳು. ನಮ್ಮ ಕಚೇರಿಯ ಆರ್ಟಿಕಲ್ ವಿದ್ಯಾರ್ಥಿಗಳು ಪ್ರತಿ ವರ್ಷ ಇದೇ ಪ್ರಶ್ನೆ ಹಿಡಿದುಕೊಂಡು ನನ್ನ ಮೇಜಿನ ಮುಂದೆ ಕೂರುತ್ತಾರೆ. ಅವರಿಗೆ ಹೇಳುವುದನ್ನೇ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ.

ಗಂಟೆಗಳ ಲೆಕ್ಕವನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಮೊದಲು ಪರೀಕ್ಷೆಯ ವೇಳಾಪಟ್ಟಿ ನೋಡಿ. ಫೈನಲ್‌ನಲ್ಲಿ ಒಂದು ಪತ್ರಿಕೆಗೂ ಇನ್ನೊಂದಕ್ಕೂ ನಡುವೆ ಸಾಮಾನ್ಯವಾಗಿ ಒಂದು ದಿನದ ಬಿಡುವು ಇರುತ್ತದೆ. ಇವತ್ತಿನ ಪತ್ರಿಕೆ ಸಂಜೆ ಐದಕ್ಕೆ ಮುಗಿದರೆ ನಾಡಿದ್ದು ಮಧ್ಯಾಹ್ನ ಎರಡಕ್ಕೆ ಮುಂದಿನದು. ಅಲ್ಲಿಗೆ ನಿಮ್ಮ ಕೈಯಲ್ಲಿ ಇರುವುದು ಒಂದು ಸಂಜೆ, ಒಂದು ಪೂರ್ತಿ ದಿನ, ಮತ್ತೊಂದು ಬೆಳಗ್ಗೆ. ಹೆಚ್ಚೆಂದರೆ ಒಂದೂವರೆ ದಿನ. ಪ್ರತ್ಯಕ್ಷ ತೆರಿಗೆಯ ಅಷ್ಟೂ ಸಂಪುಟಗಳನ್ನು ಆ ಒಂದೂವರೆ ದಿನದಲ್ಲಿ ಯಾರೂ ತಿರುವಿ ಹಾಕಲಾರರು. ಆಗ ನಿಮ್ಮ ಕೈಗೆ ಸಿಗುವ ವಸ್ತು ಏನಿರಬೇಕು, ಎಷ್ಟು ದಪ್ಪ ಇರಬೇಕು, ಯಾವ ಲೆಕ್ಕಗಳಿಗೆ ಗುರುತು ಹಾಕಿರಬೇಕು ಎಂಬುದನ್ನು ಮಾರ್ಚ್ ತಿಂಗಳಲ್ಲೇ ತೀರ್ಮಾನಿಸಿಕೊಳ್ಳಿ. ಆರು ತಿಂಗಳ ಪೂರ್ಣಾವಧಿ ಓದಿನ ಉದ್ದೇಶವೇ ಅದು: ಆರೂ ವಿಷಯಗಳಿಗೆ ಒಂದೂವರೆ ದಿನದಲ್ಲಿ ಮುಗಿಯುವ ಸ್ವಂತ ಸಾಮಗ್ರಿ ತಯಾರಾಗಬೇಕು, ಅದನ್ನು ಕಣ್ಣಾಡಿಸಿದ ಕೂಡಲೇ ಉಳಿದದ್ದು ನೆನಪಿಗೆ ಬರುವಷ್ಟು ಕೈಬರಹದ ಅಭ್ಯಾಸವೂ ಆಗಿರಬೇಕು. ಹಾಗಾಗಿ ಯೋಜನೆಯನ್ನು ಪರೀಕ್ಷೆಯ ದಿನದಿಂದ ಹಿಂದಕ್ಕೆ ಹಾಕುತ್ತಾ ಬನ್ನಿ.

ಹಿಂದಕ್ಕೆ ಹಾಕಿದಾಗ ಚಿತ್ರ ಹೀಗೆ ಬರುತ್ತದೆ. ಆಗಸ್ಟ್‌ನ ಕೊನೆಯ ಎರಡು ವಾರ ಮೂರನೆಯ ಸುತ್ತಿಗೆ: ಒಂದು ವಿಷಯಕ್ಕೆ ಎರಡು ದಿನ, ಆಮೇಲೆ ಮುಂದಿನದು. ಜುಲೈ ನಡುವಿನಿಂದ ಅಲ್ಲಿಯವರೆಗೆ ಎರಡನೆಯ ಸುತ್ತು, ವಿಷಯಕ್ಕೆ ಐದಾರು ದಿನ. ಉಳಿಯುವ ನಾಲ್ಕೂವರೆ ತಿಂಗಳು ಮೊದಲ ಓದಿಗೆ. ಎಲ್ಲ ವಿಷಯಗಳಿಗೂ ಸಮನಾಗಿ ದಿನ ಹಂಚಬೇಡಿ. ಫೈನಾನ್ಶಿಯಲ್ ರಿಪೋರ್ಟಿಂಗ್ ಮತ್ತು ಪ್ರತ್ಯಕ್ಷ ತೆರಿಗೆ ಎರಡೇ ಸುಮಾರು ಅರ್ಧ ಸಮಯ ತಿನ್ನುತ್ತವೆ, ತಿನ್ನಲಿ ಬಿಡಿ. ನೀವು ಆರ್ಟಿಕಲ್‌ಶಿಪ್‌ನಲ್ಲಿ ಜಿಎಸ್‌ಟಿ ರಿಟರ್ನ್ ಕೆಲಸ ಹೆಚ್ಚು ಮಾಡಿದ್ದರೆ ಪರೋಕ್ಷ ತೆರಿಗೆ ಬೇಗ ಮುಗಿಯುತ್ತದೆ. ಆಡಿಟ್‌ಗೆ ಹೋಗುತ್ತಿದ್ದವರಿಗೆ ಆಡಿಟ್ ಪತ್ರಿಕೆ ಪರಿಚಿತ ಅನ್ನಿಸುತ್ತದೆ. ಆದರೆ ಕಚೇರಿಯಲ್ಲಿ ಮಾಡಿದ ಕೆಲಸವೇ ಬೇರೆ, ಎಸ್‌ಎ 570 (ಕಂಪನಿ ಮುಂದೆಯೂ ನಡೆಯಬಲ್ಲದೇ ಎಂದು ಪರಿಶೀಲಿಸುವ ಆಡಿಟ್ ಮಾನದಂಡ) ಏನು ಹೇಳುತ್ತದೆ ಎಂದು ಅದರದೇ ಪದಗಳಲ್ಲಿ ಬರೆಯುವುದೇ ಬೇರೆ. ಆ ಪದಗಳು ನಾಲಿಗೆಯ ತುದಿಯಲ್ಲಿ ಇರಬೇಕೆಂದರೆ ಆಡಿಟ್ ಅನ್ನು ದಿನಾ ಸ್ವಲ್ಪ ಸ್ವಲ್ಪ ಓದಬೇಕು, ಒಂದೇ ತಿಂಗಳಲ್ಲಿ ರಾಶಿ ಹಾಕಬಾರದು.

ಎರಡೂ ಗ್ರೂಪ್ ವಿಚಾರಕ್ಕೆ ಬರೋಣ. ಪೂರ್ತಿ ಆರು ತಿಂಗಳು ಕೈಯಲ್ಲಿದ್ದರೆ ಎರಡನ್ನೂ ಕಟ್ಟಿ ಎನ್ನುವುದೇ ನನ್ನ ಮಾತು. ನಿಯಮವೇ ಅದಕ್ಕೆ ಅನುಕೂಲವಾಗಿದೆ. ಪ್ರತಿ ಪತ್ರಿಕೆಯಲ್ಲಿ ಕನಿಷ್ಠ 40, ಗ್ರೂಪ್‌ನಲ್ಲಿ ಒಟ್ಟು ಶೇ 50, ಅಂದರೆ 300ಕ್ಕೆ 150 ಬೇಕು. ಎರಡೂ ಗ್ರೂಪ್ ಒಟ್ಟಿಗೆ ಬರೆದವರು ಎಲ್ಲ ಪತ್ರಿಕೆಗಳಲ್ಲಿ 40 ದಾಟಿ ಒಟ್ಟು 600ಕ್ಕೆ 300 ಗಳಿಸಿದರೂ ಪಾಸು. ಮೊದಲ ಗ್ರೂಪ್‌ನಲ್ಲಿ 143 ಬಂದು ಎರಡನೆಯದರಲ್ಲಿ 160 ಬಂದ ಹುಡುಗಿ ಒಂದೊಂದೇ ಬರೆದಿದ್ದರೆ ಮೊದಲನೆಯದರಲ್ಲಿ ನಪಾಸು, ಒಟ್ಟಿಗೆ ಬರೆದಿದ್ದರೆ ಸಿಎ. ಯಾವುದಾದರೂ ಪತ್ರಿಕೆಯಲ್ಲಿ 60 ಬಂದರೆ ಗ್ರೂಪ್ ಪಾಸಾಗದಿದ್ದರೂ ಮುಂದಿನ ಮೂರು ಪರೀಕ್ಷೆಗಳವರೆಗೆ ಆ ಪತ್ರಿಕೆಗೆ ವಿನಾಯಿತಿ ಸಿಗುತ್ತದೆ. ಆದರೆ ಜೂನ್ ಕೊನೆಗೆ ಮೊದಲ ಓದಿನಲ್ಲಿ ನಾಲ್ಕು ವಿಷಯವೂ ಮುಗಿದಿಲ್ಲವಾದರೆ ಹಟ ಹಿಡಿಯಬೇಡಿ, ಒಂದು ಗ್ರೂಪ್‌ಗೆ ಇಳಿಯಿರಿ. ನಾವು ಓದುವಾಗ ಪರೀಕ್ಷೆ ಮೇ ಮತ್ತು ನವೆಂಬರ್‌ನಲ್ಲಿ ಮಾತ್ರ ನಡೆಯುತ್ತಿತ್ತು. 2025ರಿಂದ ಫೈನಲ್ ಕೂಡ ಜನವರಿ, ಮೇ, ಸೆಪ್ಟೆಂಬರ್ ಎಂದು ವರ್ಷಕ್ಕೆ ಮೂರು ಬಾರಿ ನಡೆಯುತ್ತಿದೆ. ಉಳಿದ ಗ್ರೂಪ್‌ಗೆ ಅರ್ಧ ವರ್ಷ ಕಾಯಬೇಕಾದ ಸಂಕಟ ಈಗಿಲ್ಲ.

ಮಾರ್ಚ್ ಒಂದಕ್ಕೆ ಓದು ಶುರುವಾಗಬೇಕಾದರೆ ಕೆಲವು ಕೆಲಸಗಳನ್ನು ಆರ್ಟಿಕಲ್‌ಶಿಪ್ ಇರುವಾಗಲೇ ಮುಗಿಸಿಕೊಳ್ಳಿ. ಹೊಸ ಪದ್ಧತಿಯಲ್ಲಿ ಸ್ವಯಂ ಅಧ್ಯಯನದ ಆನ್‌ಲೈನ್ ಮಾಡ್ಯೂಲ್‌ಗಳ ನಾಲ್ಕೂ ಸೆಟ್‌ಗಳಲ್ಲಿ ತೇರ್ಗಡೆಯಾಗದೆ ಫೈನಲ್ ಬರೆಯಲು ಬಿಡುವುದಿಲ್ಲ. ಅಡ್ವಾನ್ಸ್ಡ್ ಐಸಿಐಟಿಎಸ್‌ಎಸ್ ಎಂಬ ಮಾಹಿತಿ ತಂತ್ರಜ್ಞಾನ ಮತ್ತು ಮೃದು ಕೌಶಲಗಳ ತರಬೇತಿಯೂ ಆಗಿರಬೇಕು. ಇವನ್ನು ಏಪ್ರಿಲ್‌ಗೆ, ಮೇಗೆ ಎಂದು ತಳ್ಳಿದವರ ಆರು ತಿಂಗಳು ನಾಲ್ಕೇ ಆಗಿ ಹೋಗುವುದನ್ನು ನೋಡಿದ್ದೇನೆ. ಸೆಟ್ ಎ ಮತ್ತು ಬಿ ಓದಿದ್ದು ವ್ಯರ್ಥವಾಗುವುದೂ ಇಲ್ಲ, ಆರನೆಯ ಪತ್ರಿಕೆಯ ಕೇಸ್ ಸ್ಟಡಿಗೆ ಅದು ಬೇಕು. ಆ ಪತ್ರಿಕೆಗೆ ಪುಸ್ತಕ ಒಯ್ಯಬಹುದು ನಿಜ. ಪುಟ ಹುಡುಕುತ್ತಾ ಕೂತವರಿಗೆ ನಾಲ್ಕು ಗಂಟೆಯೂ ಸಾಲುವುದಿಲ್ಲ.

ತೆರಿಗೆಯ ನೋಟ್ಸ್ ಬಗ್ಗೆ ಒಂದು ಎಚ್ಚರಿಕೆ. ಸೀನಿಯರ್‌ಗಳ ಹಳೆಯ ನೋಟ್ಸ್ ಪುಕ್ಕಟೆ ಸಿಗುತ್ತದೆ ಎಂದು ಕಣ್ಣು ಮುಚ್ಚಿ ತೆಗೆದುಕೊಳ್ಳಬೇಡಿ. 1961ರ ಆದಾಯ ತೆರಿಗೆ ಕಾಯ್ದೆಯ ಜಾಗಕ್ಕೆ 2025ರ ಹೊಸ ಕಾಯ್ದೆ 2026ರ ಏಪ್ರಿಲ್ 1ರಿಂದ ಬಂದಿದೆ, ಸೆಕ್ಷನ್ ಸಂಖ್ಯೆಗಳೇ ಬದಲಾಗಿವೆ. ನೀವು ಬರೆಯುವ ಪರೀಕ್ಷೆಗೆ ಯಾವ ಕಾಯ್ದೆ, ಯಾವ ದಿನಾಂಕದವರೆಗಿನ ತಿದ್ದುಪಡಿ ಅನ್ವಯ ಎಂಬುದನ್ನು ಸಿಎ ಪರೀಕ್ಷೆ ನಡೆಸುವ ಸಂಸ್ಥೆಯಾದ ಐಸಿಎಐನ ಬೋರ್ಡ್ ಆಫ್ ಸ್ಟಡೀಸ್ ಪ್ರಕಟಿಸುತ್ತದೆ. ಅದನ್ನು ಓದಿ, ಆಮೇಲೆ ಪುಸ್ತಕ ಕೊಳ್ಳಿ, ಆಮೇಲೆ ತರಗತಿಗೆ ದುಡ್ಡು ಕಟ್ಟಿ.

ಇನ್ನು ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ಮಾತು. ಬರೆಯಿರಿ. ವಿಡಿಯೊ ತರಗತಿ ನೋಡುವುದನ್ನೂ ಉತ್ತರ ಪಕ್ಕದಲ್ಲಿಟ್ಟುಕೊಂಡು ಲೆಕ್ಕ ಓದುವುದನ್ನೂ ಓದಿನ ಗಂಟೆಯೆಂದು ಎಣಿಸುವುದರಿಂದಲೇ ಹದಿನಾಲ್ಕು ಗಂಟೆಯ ಕಥೆಗಳು ಹುಟ್ಟುತ್ತವೆ. ಒಂದು ಉದಾಹರಣೆ ಕೊಡುತ್ತೇನೆ. ಕನ್ಸಾಲಿಡೇಶನ್ ಲೆಕ್ಕ, ಅಂದರೆ ಎರಡು ಕಂಪನಿಗಳ ಲೆಕ್ಕಪತ್ರಗಳನ್ನು ಒಂದಾಗಿಸುವುದು: ಒಂದು ಕಂಪನಿ ಇನ್ನೊಂದರ ಶೇ 80 ಷೇರು ಕೊಂಡಿದೆ. ಆ ಇನ್ನೊಂದು ಕಂಪನಿಯ ಯಂತ್ರಗಳ ಪುಸ್ತಕ ಬೆಲೆ 40 ಲಕ್ಷ, ನ್ಯಾಯೋಚಿತ ಮೌಲ್ಯ 60 ಲಕ್ಷ. ಕಣ್ಣಲ್ಲಿ ಓದುವವರು 20 ಲಕ್ಷ ಸೇರಿಸಿ ಮುಂದೆ ಹೋಗುತ್ತಾರೆ, ಎಲ್ಲ ಅರ್ಥವಾಯಿತು ಎನ್ನುತ್ತಾರೆ. ಖಾಲಿ ಹಾಳೆಯ ಮೇಲೆ ಬರೆಯಲು ಕೂತಾಗ ಮಾತ್ರ ಕೈ ನಿಲ್ಲುತ್ತದೆ: ಆ 20 ಲಕ್ಷಕ್ಕೆ ತೆರಿಗೆ ದರ ಶೇ 25 ಎಂದಾದರೆ 5 ಲಕ್ಷ ಡೆಫರ್ಡ್ ಟ್ಯಾಕ್ಸ್ (ಮುಂದೆ ಕಟ್ಟಬೇಕಾಗುವ ತೆರಿಗೆ) ಹೊಣೆ ಹುಟ್ಟುತ್ತದೆ, ನಿವ್ವಳ ಆಸ್ತಿ ಏರುವುದು 15 ಲಕ್ಷ ಮಾತ್ರ. ಅದನ್ನು ಬಿಟ್ಟರೆ ಗುಡ್‌ವಿಲ್, ಅಂದರೆ ನಿವ್ವಳ ಆಸ್ತಿಗಿಂತ ಹೆಚ್ಚಾಗಿ ತೆತ್ತ ಬೆಲೆಯ ಲೆಕ್ಕ, ತಪ್ಪುತ್ತದೆ. ಎಷ್ಟು ತಪ್ಪುತ್ತದೆ ಎಂಬುದು ಉಳಿದ ಶೇ 20 ಷೇರುದಾರರ ಪಾಲನ್ನು ಹೇಗೆ ಅಳೆದಿದ್ದೀರಿ ಎಂಬುದರ ಮೇಲೆ ನಿಂತಿದೆ. ನ್ಯಾಯೋಚಿತ ಮೌಲ್ಯದಲ್ಲಿ ಅಳೆದಿದ್ದರೆ ಪೂರ್ತಿ 5 ಲಕ್ಷ, ನಿವ್ವಳ ಆಸ್ತಿಯ ಪಾಲಿನಂತೆ ಅಳೆದಿದ್ದರೆ 4 ಲಕ್ಷ. ಈ ಒಂದು ಲಕ್ಷದ ವ್ಯತ್ಯಾಸ ಯಾಕೆ ಎಂದು ಪೆನ್ನು ಹಿಡಿದು ಒಮ್ಮೆ ಬಿಡಿಸಿಕೊಂಡವರಿಗೆ ಆ ಅಧ್ಯಾಯ ಮತ್ತೆ ಮರೆಯುವುದಿಲ್ಲ. ಅದಕ್ಕೆ ಅರ್ಧ ದಿನ ಹೋದರೂ ಚಿಂತೆಯಿಲ್ಲ. ಇಂಥ ಲೆಕ್ಕಗಳಿಗೆ ಗುರುತು ಹಾಕಿಟ್ಟುಕೊಳ್ಳಿ. ಕೊನೆಯ ಒಂದೂವರೆ ದಿನದಲ್ಲಿ ಬೇಕಾಗುವುದು ಅವೇ.

ಬರೆಯುವ ಹೊತ್ತು ಕೂಡ ಮುಖ್ಯ. ಪರೀಕ್ಷೆ ಮಧ್ಯಾಹ್ನ ಎರಡರಿಂದ ಐದು, ಆರನೆಯ ಪತ್ರಿಕೆ ಮಾತ್ರ ಆರರವರೆಗೆ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಓದುವವರು ಅನ್ನ ಸಾರು ಉಂಡು ಎರಡು ಗಂಟೆಗೆ ಮಲಗುವುದನ್ನು ರೂಢಿ ಮಾಡಿಕೊಂಡರೆ ದೇಹ ಸೆಪ್ಟೆಂಬರ್‌ನಲ್ಲೂ ಅದನ್ನೇ ಕೇಳುತ್ತದೆ. ಜೂನ್‌ನಿಂದಲಾದರೂ ಊಟವನ್ನು ಹನ್ನೆರಡೂವರೆಗೆ, ಹಗುರವಾಗಿ ಮುಗಿಸಿ, ಎರಡರಿಂದ ಐದು ಬರೆಯುವುದಕ್ಕೇ ಇಡಿ. ಬೆಳಗ್ಗೆ ಹೊಸ ಪಾಠ, ಮಧ್ಯಾಹ್ನ ಬರವಣಿಗೆ, ಸಂಜೆ ಆಡಿಟ್ ಅಥವಾ ತೆರಿಗೆಯ ಮರು ಓದು. ಹೀಗೆ ನಿಜವಾಗಿ ಒಂಬತ್ತು ಹತ್ತು ಗಂಟೆ ಆದರೆ ಸಾಕು, ಏಳು ಗಂಟೆ ನಿದ್ದೆಗೆ ಕತ್ತರಿ ಹಾಕಬೇಡಿ. ಭಾನುವಾರ ಅರ್ಧ ದಿನ ಹಿಂದುಳಿದದ್ದನ್ನು ಹಿಡಿಯಲು ಖಾಲಿ ಇರಲಿ. ಮೊದಲ ಐದು ಪತ್ರಿಕೆಗಳಲ್ಲಿ ಶೇ 30 ಅಂಕ ಬಹು ಆಯ್ಕೆ ಪ್ರಶ್ನೆಗಳಿಗಿವೆ, ಫೈನಲ್‌ನಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಆದ್ದರಿಂದ ಒಂದನ್ನೂ ಖಾಲಿ ಬಿಡಬಾರದು. ಸಂಸ್ಥೆಯ ಆರ್‌ಟಿಪಿ (ಮರು ಓದಿಗೆಂದು ಕೊಡುವ ಪ್ರಶ್ನೋತ್ತರ ಸಂಗ್ರಹ) ಮತ್ತು ಮಾಕ್ ಟೆಸ್ಟ್ ಪತ್ರಿಕೆಗಳು ಅದರ ಜಾಲತಾಣದಲ್ಲೇ ಉಚಿತವಾಗಿವೆ, ಆಗಸ್ಟ್‌ಗೆ ಬೇರೆ ಪ್ರಶ್ನೆ ಸಂಗ್ರಹ ಬೇಕಿಲ್ಲ.

ತಿಪಟೂರಿನಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದವಳು ಎಂದು ನೀವು ಹಿಂಜರಿಕೆಯಿಂದ ಬರೆದಿರುವುದನ್ನು ಗಮನಿಸಿದೆ. ಇದಕ್ಕೂ ಬರವಣಿಗೆಯೇ ಮದ್ದು. ಫೈನಲ್ ಅನ್ನು ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಬರೆಯಬೇಕು, ಕನ್ನಡದ ಅವಕಾಶವಿಲ್ಲ. ಆದರೆ ಪರೀಕ್ಷಕರು ಅಲಂಕಾರದ ಭಾಷೆ ಕೇಳುವುದಿಲ್ಲ. ನಿಯಮ ಏನು ಎಂದು ಒಂದು ಪ್ಯಾರಾ, ಪ್ರಶ್ನೆಯಲ್ಲಿನ ಸಂಗತಿ ಅದಕ್ಕೆ ಹೇಗೆ ಹೊಂದುತ್ತದೆ ಎಂದು ಒಂದು ಪ್ಯಾರಾ, ತೀರ್ಮಾನ ಒಂದು ಸಾಲು. ಗಿಡ್ಡ ವಾಕ್ಯಗಳಲ್ಲಿ ಬರೆದರೆ ವ್ಯಾಕರಣವೂ ತಪ್ಪುವುದಿಲ್ಲ. ವಿಷಯವನ್ನು ಮನಸ್ಸಿನಲ್ಲಿ ಕನ್ನಡದಲ್ಲೇ ವಿವರಿಸಿಕೊಳ್ಳಿ, ಗೆಳತಿಗೆ ಕನ್ನಡದಲ್ಲೇ ಪಾಠ ಹೇಳಿ. ನಾನು ಟ್ರಾನ್ಸ್‌ಫರ್ ಪ್ರೈಸಿಂಗ್ ಎಂಬ ತೆರಿಗೆಯ ಅಧ್ಯಾಯ ಕಲಿತದ್ದೇ ಹಾಗೆ, ಕೋಣೆಯ ಗೆಳತಿಗೆ ಹೇಳಿಕೊಡುತ್ತಾ.

ಬೆಂಗಳೂರೋ ಊರೋ? ಮೊದಲ ಓದಿಗೆ ಊರಿನ ಮನೆ ಒಳ್ಳೆಯದು. ಪಿ.ಜಿ. ಬಾಡಿಗೆ ಉಳಿಯುತ್ತದೆ, ಊಟದ ಚಿಂತೆ ಇರುವುದಿಲ್ಲ, ಸ್ಟೈಪೆಂಡ್ ನಿಂತ ಮೇಲೆ ಅದು ಸಣ್ಣ ವಿಷಯವಲ್ಲ. ಆದರೆ ಏಪ್ರಿಲ್, ಮೇ ಮದುವೆಗಳ ಕಾಲ. ಮನೆಯಲ್ಲಿದ್ದೀರಿ ಎಂದ ಮೇಲೆ ಮುಹೂರ್ತಕ್ಕೂ ಬೀಗರ ಊಟಕ್ಕೂ ಕರೆ ಬರುತ್ತದೆ, ಹೋದಲ್ಲೆಲ್ಲಾ ‘ಇನ್ನೂ ಓದು ಮುಗಿದಿಲ್ಲವೇನಮ್ಮ’ ಎಂಬ ಮಾತೂ ಬರುತ್ತದೆ. ಅಪ್ಪ ಅಮ್ಮನ ಹತ್ತಿರ ಈಗಲೇ ಕೂತು ಮಾತಾಡಿ: ಸೆಪ್ಟೆಂಬರ್‌ವರೆಗೆ ಯಾವ ಮದುವೆಗೂ ಬರುವುದಿಲ್ಲ, ಗಂಡು ನೋಡುವ ಮಾತನ್ನೂ ಎತ್ತಬೇಡಿ ಎಂದು. ಅವರು ಒಪ್ಪಿದರೆ ಜೂನ್‌ವರೆಗೆ ಊರು, ಆಮೇಲೆ ಬೆಂಗಳೂರು ಎಂಬುದು ನನ್ನ ಸಲಹೆ. ಒಪ್ಪದಿದ್ದರೆ ಪೂರ್ತಿ ಬೆಂಗಳೂರೇ ಸರಿ.

ವಿಜಯನಗರ, ಅತ್ತಿಗುಪ್ಪೆ ಸುತ್ತ ಕೆಎಎಸ್, ಪಿಎಸ್‌ಐ ಪರೀಕ್ಷೆಗೆ ಓದುವವರಿಗಾಗಿ ತಿಂಗಳ ಲೆಕ್ಕದ ರೀಡಿಂಗ್ ರೂಮ್‌ಗಳು ಬೇಕಾದಷ್ಟಿವೆ. ಹಣ ಕಟ್ಟುವ ಮೊದಲು ಒಂದು ಮಧ್ಯಾಹ್ನ ಕೂತು ನೋಡಿ. ಮೇಜು ಅಗಲವಿದೆಯೇ ಎಂಬುದು ನಮಗೆ ಮುಖ್ಯ: ಪ್ರಶ್ನೆಪತ್ರಿಕೆ, ಉತ್ತರ ಹಾಳೆ, ಕ್ಯಾಲ್ಕುಲೇಟರ್ ಮೂರೂ ಒಟ್ಟಿಗೆ ಹಿಡಿಸಬೇಕು. ಮಳೆಗಾಲದ ಸಂಜೆ ಕರೆಂಟ್ ಹೋದರೆ ಯುಪಿಎಸ್ ಇದೆಯೇ ಎಂದೂ ಕೇಳಿ. ಹೆಣ್ಣುಮಕ್ಕಳು ರಾತ್ರಿ ಎಂಟರ ಮೇಲೆ ಅಲ್ಲಿಂದ ಪಿ.ಜಿ.ಗೆ ನಡೆದು ಬರುವ ದಾರಿ ಹೇಗಿದೆ ಎಂಬುದನ್ನು ಕತ್ತಲಾದ ಮೇಲೆಯೇ ಹೋಗಿ ನೋಡಬೇಕು. ಬೇಸರವಾದ ದಿನ ಮೆಟ್ರೊ ಹತ್ತಿ ಕಬ್ಬನ್ ಪಾರ್ಕ್‌ನ ಕೇಂದ್ರ ಗ್ರಂಥಾಲಯಕ್ಕೆ ಹೋಗಿ, ಶೇಷಾದ್ರಿ ಅಯ್ಯರ್ ಸ್ಮಾರಕ ಭವನದ ಆ ಕೆಂಪು ಕಟ್ಟಡದ ಸುತ್ತ ಮರಗಳ ನೆರಳಲ್ಲಿ ಒಂದು ಸುತ್ತು ನಡೆದರೂ ತಲೆ ಹಗುರಾಗುತ್ತದೆ. ವಸಂತನಗರದ ಮಿಲ್ಲರ್ಸ್ ಟ್ಯಾಂಕ್ ಬೆಡ್ ಪ್ರದೇಶದಲ್ಲಿರುವ ಸಂಸ್ಥೆಯ ಬೆಂಗಳೂರು ಶಾಖೆಗೂ ಒಮ್ಮೆ ಹೋಗಿ ಬನ್ನಿ, ಮಾಕ್ ಟೆಸ್ಟ್ ಬಗ್ಗೆ ಅಲ್ಲೇ ವಿಚಾರಿಸಬಹುದು. ಸೆಪ್ಟೆಂಬರ್ ಪರೀಕ್ಷೆಗೆ ಒಂದು ತೊಡಕು ನಿಶ್ಚಿತ: ಗಣೇಶನ ಹಬ್ಬ ಆಸುಪಾಸಿನಲ್ಲೇ ಬೀಳುತ್ತದೆ, ಬೀದಿಗೊಂದು ಪೆಂಡಾಲ್, ರಾತ್ರಿಯೆಲ್ಲಾ ಆರ್ಕೆಸ್ಟ್ರಾ. ರಸ್ತೆ ಬದಿಯ ಕೋಣೆಯಾದರೆ ಜುಲೈನಲ್ಲೇ ಒಳಗಿನ ಕೋಣೆಗೆ ಬದಲಾಯಿಸಿಕೊಳ್ಳಿ.

ಅರೆಕಾಲಿಕ ಕೆಲಸ ಮಾಡುತ್ತಾ ಓದಬಹುದೇ ಎಂದು ಕೊನೆಯಲ್ಲಿ ಕೇಳಿದ್ದೀರಿ. ಮನೆಯಲ್ಲಿ ನಿಜಕ್ಕೂ ಕಷ್ಟವಿದ್ದರೆ ಮಾರ್ಚ್‌ನಿಂದ ಮೇವರೆಗೆ ಬೆಳಗಿನ ಹೊತ್ತು ಎರಡು ಮೂರು ಗಂಟೆ ಅಕೌಂಟ್ಸ್ ಬರೆಯುವ ಕೆಲಸ ಹಿಡಿಯಿರಿ, ಒಂದು ಗ್ರೂಪ್ ಮಾತ್ರ ಕಟ್ಟಿ. ಜುಲೈನಲ್ಲಿ ರಿಟರ್ನ್ ಸಲ್ಲಿಕೆಯ ಗಡಿಬಿಡಿಗೆ ಹಳೆಯ ಕಚೇರಿಯಿಂದ ‘ಒಂದು ವಾರ ಬಾ’ ಎಂದು ಫೋನ್ ಬರುತ್ತದೆ. ಆ ವಾರ ಮೂರಾಗುತ್ತದೆ. ಪರೀಕ್ಷೆ ಮುಗಿಸಿ ಬರುತ್ತೇನೆ ಸರ್ ಎಂದು ಮರ್ಯಾದೆಯಿಂದಲೇ ಹೇಳಿ, ಒಳ್ಳೆಯ ಪ್ರಿನ್ಸಿಪಾಲ್ (ಆರ್ಟಿಕಲ್‌ಶಿಪ್ ಕೊಟ್ಟ ಸಿಎ) ಆದರೆ ಅರ್ಥ ಮಾಡಿಕೊಳ್ಳುತ್ತಾರೆ.

ಫೈನಾನ್ಶಿಯಲ್ ರಿಪೋರ್ಟಿಂಗ್ ತರಗತಿಗಳನ್ನು ಈಗಾಗಲೇ ಕೇಳಿ ಮುಗಿಸಿದ್ದೀರಾ ಎಂಬುದನ್ನು ನೀವು ಬರೆದಿಲ್ಲ. ಮುಗಿಸಿಲ್ಲವಾದರೆ ಮಾರ್ಚ್, ಏಪ್ರಿಲ್ ಲೆಕ್ಕವೇ ಬದಲಾಗುತ್ತದೆ. ಅದೊಂದನ್ನು ತಿಳಿಸಿ, ಆ ಎರಡು ತಿಂಗಳನ್ನು ವಾರ ವಾರವಾಗಿ ಬಿಡಿಸಿ ಬರೆದು ಕೊಡುತ್ತೇನೆ.