ಮನೆಯ ರೊಟ್ಟಿ ವ್ಯಾಪಾರಕ್ಕೆ ಪಾಂಪ್ಲೆಟ್ ಹಾಕಿಸುವಾಗ ಏನೇನು ನೋಡಿಕೊಳ್ಳಬೇಕು?

ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಅಮ್ಮನ ಜೊತೆ ಮನೆಯಲ್ಲೇ ಜೋಳದ ರೊಟ್ಟಿ, ಪಲ್ಯ, ಶೇಂಗಾ ಚಟ್ನಿ ಮಾಡಿ ಕೊಡುತ್ತಿದ್ದೇನೆ, 2,000 ಪಾಂಪ್ಲೆಟ್ ಹಾಕಿಸಬೇಕು, ಡಿಸೈನ್ ಹೇಗಿರಬೇಕು ಅಂತ ಕೇಳಿದ್ದೀರಿ. ನಾನು ಹನ್ನೆರಡು ವರ್ಷ ಪ್ರೆಸ್‌ಗಳಲ್ಲಿ ಡಿಟಿಪಿ (ಕಂಪ್ಯೂಟರಿನಲ್ಲಿ ಅಕ್ಷರ, ಪುಟ ಜೋಡಿಸುವ) ಕೆಲಸ ಮಾಡಿದವನು. ಕಂಡದ್ದನ್ನು ಹೇಳುತ್ತೇನೆ.

ನಿಮ್ಮ ಪಟ್ಟಿಯಲ್ಲಿ ರೊಟ್ಟಿ, ಚಪಾತಿ, ಹೋಳಿಗೆ, ಹಪ್ಪಳ, ಉಪ್ಪಿನಕಾಯಿ, ಮದುವೆ ಆರ್ಡರ್ ಎಲ್ಲಾ ಇದೆ. ದಯವಿಟ್ಟು ಎಲ್ಲವನ್ನೂ ತುಂಬಬೇಡಿ. ಬೆಳಿಗ್ಗೆ ಪೇಪರ್ ಬಿಡಿಸಿದಾಗ ಒಳಗಿಟ್ಟ ಪಾಂಪ್ಲೆಟ್ ಹಾಳೆ ಜಾರಿ ನೆಲಕ್ಕೆ ಬೀಳುತ್ತದೆ. ಎತ್ತಿಕೊಂಡವರು ಅದನ್ನು ಕಸದ ಬುಟ್ಟಿಗೆ ಹಾಕುವಷ್ಟರಲ್ಲಿ ಒಂದು ಸಾಲು ಓದಿರುತ್ತಾರೆ, ಅಷ್ಟೇ. ಆ ಸಾಲು 'ಬಿಸಿ ಜೋಳದ ರೊಟ್ಟಿ, ಸಂಜೆ 7ಕ್ಕೆ ನಿಮ್ಮ ಮನೆಗೆ' ಅಂತ ಇರಲಿ. ಹಾಳೆಯಲ್ಲಿ ಎಲ್ಲಕ್ಕಿಂತ ದೊಡ್ಡ ಅಕ್ಷರ ಅದೇ ಆಗಿರಬೇಕು. ನಿಮ್ಮ ವ್ಯಾಪಾರದ ಹೆಸರು ಅದರ ಕೆಳಗೆ ಸಣ್ಣದಾಗಿ ಬಂದರೆ ಸಾಕು. ಹೆಸರೇ ದೊಡ್ಡದಾಗಿರಲಿ ಅಂತ ಎಲ್ಲರಿಗೂ ಆಸೆ ಇರುತ್ತದೆ, ಆದರೆ ಆ ಹೆಸರು ಜನಕ್ಕೆ ಇನ್ನೂ ಗೊತ್ತಿಲ್ಲ ಅಲ್ವಾ?

ರೇಟ್ ಹಾಕಿ. ಒಂದು ರೊಟ್ಟಿಗೆ ಎಷ್ಟು, ಕನಿಷ್ಠ ಎಷ್ಟು ತೆಗೆದುಕೊಳ್ಳಬೇಕು, ಎಷ್ಟು ಗಂಟೆಯೊಳಗೆ ಹೇಳಬೇಕು ಅಂತ ಬರೆಯಿರಿ. ಫೋನ್ ಮಾಡಿ ರೇಟ್ ಕೇಳೋಕೆ ಸಂಕೋಚ ಪಡುವವರೇ ಜಾಸ್ತಿ. ನಿಮ್ಮ ಫುಡ್ ಲೈಸೆನ್ಸಿನ 14 ಅಂಕಿಯ ನಂಬರ್ ಇದ್ದರೆ ಕೆಳಗೆ ಹಾಕಿ, ಹೊಸಬರ ಕೈಯಡುಗೆ ತಿನ್ನುವವರಿಗೆ ಅದೊಂದು ಧೈರ್ಯ.

ಈಗ ನನಗೆ ತುಂಬಾ ಮುಖ್ಯ ಅನಿಸುವ ವಿಷಯ, ಕನ್ನಡ ಅಕ್ಷರ. ನೀವು ಮೊಬೈಲಿನಲ್ಲಿ ಟೈಪ್ ಮಾಡಿ ಕಳಿಸುವುದು ಯೂನಿಕೋಡ್, ಅಂದರೆ ಈಗಿನ ಎಲ್ಲಾ ಫೋನು, ಕಂಪ್ಯೂಟರಿಗೂ ಅರ್ಥವಾಗುವ ಅಕ್ಷರ ಪದ್ಧತಿ. ಎಷ್ಟೋ ಪ್ರೆಸ್‌ಗಳಲ್ಲಿ ಇನ್ನೂ ಹಳೆಯ ಪೇಜ್‌ಮೇಕರ್, ಕೋರಲ್‌ಡ್ರಾ ಸಾಫ್ಟ್‌ವೇರ್ ಇವೆ. ಅವುಗಳಲ್ಲಿ ಯೂನಿಕೋಡ್ ಕನ್ನಡ ಸರಿಯಾಗಿ ಕೂರುವುದಿಲ್ಲ, ಒತ್ತಕ್ಷರ ಒಡೆಯುತ್ತದೆ. 'ರೊಟ್ಟಿ' ಹೋಗಿ 'ರೊಟ್‌ಟಿ' ಆಗುತ್ತದೆ, 'ಚಟ್ನಿ' 'ಚಟ್‌ನಿ' ಆಗುತ್ತದೆ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಬ್ಬ ಅಜ್ಜಿಯ ಅಂಗಡಿಯ ಹಾಳೆಯಲ್ಲಿ 'ಹಪ್ಪಳ' ಹೀಗೇ ಒಡೆದು, ಸಾವಿರ ಪ್ರತಿ ಅಚ್ಚಾಗಿ ಬಂತು. ಪ್ರೂಫ್ (ಅಚ್ಚಿಗೆ ಮುಂಚೆ ತಪ್ಪು ನೋಡಲು ತೆಗೆಯುವ ಮಾದರಿ ಪ್ರತಿ) ನೋಡಿದವನು ನಾನೇ. ಅಜ್ಜಿ ಬೈಯಲಿಲ್ಲ, ಹಾಳೆಯನ್ನು ಕೈಯಲ್ಲಿ ಹಿಡಿದುಕೊಂಡು ಸುಮ್ನೆ ನಿಂತಿದ್ದರು. ಆ ನೋವು ಇವತ್ತಿಗೂ ಇದೆ. ಅದಕ್ಕೇ ಹೇಳುತ್ತಿದ್ದೇನೆ: ಪ್ರೆಸ್‌ನವರು ಆ ಹಳೆಯ ಸಾಫ್ಟ್‌ವೇರಿಗೆ ಹೊಂದುವ ನುಡಿ ಅಥವಾ ಬರಹ ಫಾಂಟಿಗೆ ಬದಲಿಸಿಕೊಂಡರೂ ಸರಿ, ಹೊಸದಾಗಿ ಟೈಪ್ ಮಾಡಿದರೂ ಸರಿ, ಕೊನೆಯ ಪ್ರೂಫನ್ನು ಕಾಗದದ ಮೇಲೆ ತೆಗೆಸಿ. ಅಮ್ಮನ ಕೈಗೆ ಕೊಟ್ಟು ಜೋರಾಗಿ ಓದಿಸಿ. ಫೋನ್ ನಂಬರ್ ಕಣ್ಣಲ್ಲಿ ನೋಡಿದರೆ ಸಾಲದು, ಅಲ್ಲಿ ಅಚ್ಚಾಗಿರುವುದನ್ನೇ ಒತ್ತಿ ಕರೆ ಮಾಡಿ ನೋಡಿ.

ಫೋಟೋ ಒಂದೇ ಸಾಕು. ಗೂಗಲ್‌ನಿಂದ ತೆಗೆದ ಥಾಲಿ ಚಿತ್ರ ಬೇಡ. ಬೆಳಿಗ್ಗೆ ಕಿಟಕಿಯ ಹತ್ತಿರ, ಬಿದಿರಿನ ಬುಟ್ಟಿಯಲ್ಲಿ ಒಂದರ ಮೇಲೊಂದು ಇಟ್ಟ ನಿಮ್ಮದೇ ರೊಟ್ಟಿ, ಪಕ್ಕದಲ್ಲಿ ಚಟ್ನಿ. ರೊಟ್ಟಿ ಮೇಲಿನ ಕಂದು ಚುಕ್ಕೆ ಕಾಣಬೇಕು. ಪ್ರೆಸ್‌ಗೆ ಕಳಿಸುವಾಗ ವಾಟ್ಸಾಪಿನಲ್ಲಿ ಫೋಟೋ ಆಗಿ ಬೇಡ, ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲದಿದ್ದರೆ ಸಣ್ಣದಾಗಿ ಮಸುಕಾಗುತ್ತದೆ. ಅಚ್ಚಿಗೆ ಚಿತ್ರದಲ್ಲಿ ಇಂಚಿಗೆ 300 ಚುಕ್ಕೆ (ಪಿಕ್ಸೆಲ್) ಬೇಕು. ಅಂದರೆ ನಾಲ್ಕು ಇಂಚು ಅಗಲದ ಚಿತ್ರಕ್ಕೆ 1,200 ಪಿಕ್ಸೆಲ್. ಇನ್ನೊಂದು, ಮೊಬೈಲಿನಲ್ಲಿ ಹೊಳೆಯುವ ಬಣ್ಣ ಕಾಗದದ ಮೇಲೆ ಸ್ವಲ್ಪ ಮಂಕಾಗುತ್ತದೆ. ಅದಕ್ಕೆ ಬೇಜಾರು ಬೇಡ, ಮಸಿಯ ಗುಣವೇ ಹಾಗೆ.

ವಿಳಾಸದಲ್ಲಿ ಕ್ರಾಸ್, ಮೇನ್ ಬರೆದು ಬಿಟ್ಟರೆ ಯಾರೂ ಬರುವುದಿಲ್ಲ. ಆಟೋದವರಿಗೆ ಹೇಳುವ ಹಾಗೆ ಬರೆಯಿರಿ: ಯಾವ ಗುಡಿ ಹಿಂದೆ, ಯಾವ ಕಾಲೇಜಿನ ಎದುರು. ವಾಟ್ಸಾಪ್ ಕ್ಯೂಆರ್ ಹಾಕುವುದಾದರೆ ಬಿಳಿ ಮೇಲೆ ಕಪ್ಪು, ಕನಿಷ್ಠ ಎರಡು ಸೆಂಟಿಮೀಟರ್, ಸುತ್ತಲೂ ಖಾಲಿ ಜಾಗ ಇರಲಿ.

ಸೈಜ್ ಎ5 ಸಾಕು, ಎ4 ಹಾಳೆಯ ಅರ್ಧ. ದುಡ್ಡು ಕಡಿಮೆ ಇದ್ದರೆ ಫೋಟೋ ಬಿಟ್ಟು ಹಳದಿ ಕಾಗದದ ಮೇಲೆ ಕಪ್ಪು ಅಕ್ಷರ ಮಾಡಿಸಿ. ಸುಮಾರಾದ ಬಣ್ಣದ ಚಿತ್ರಕ್ಕಿಂತ ಅದು ಚೆನ್ನಾಗಿ ಕಾಣುತ್ತದೆ. ಆಫ್‌ಸೆಟ್‌ನಲ್ಲಿ ಪ್ಲೇಟ್ (ಅಚ್ಚು ಹಾಕುವ ತಗಡು) ಮಾಡುವ ಖರ್ಚು ಒಂದೇ ಸಲ, ಹಾಗಾಗಿ ಸಾವಿರಕ್ಕೂ ಎರಡು ಸಾವಿರಕ್ಕೂ ರೇಟ್ ದುಪ್ಪಟ್ಟು ಆಗುವುದಿಲ್ಲ. ಎರಡನ್ನೂ ಕೇಳಿ.

ಹಂಚುವಾಗ ಎಲ್ಲವನ್ನೂ ಪೇಪರ್ ಏಜೆಂಟರಿಗೆ ಕೊಡಬೇಡಿ. ನಿಮ್ಮ ರೊಟ್ಟಿ ಬೇಕಾದವರು ಪಿಜಿ ಹುಡುಗರು, ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆಯವರು. 500 ಹಾಳೆ ಪೇಪರ್‌ನಲ್ಲಿ ಹೋಗಲಿ, 500 ಅನ್ನು ಸಂಜೆ ಪಿಜಿಗಳಿಗೆ ನೀವೇ ಕೊಡಿ. 'ಈ ಹಾಳೆ ತಂದರೆ ಚಟ್ನಿ ಉಚಿತ' ಅಂತ ಒಂದು ಸಾಲು ಹಾಕಿ, ಪಿಜಿಗೆ ಕೊಡುವ ಹಾಳೆಗಳ ಮೂಲೆಗೆ ಪೆನ್ನಿನಲ್ಲಿ ಗುರುತು ಮಾಡಿ. ವಾಪಸ್ ಬಂದ ಹಾಳೆ ಎಣಿಸಿದರೆ ಉಳಿದ ಸಾವಿರ ಎಲ್ಲಿಗೆ ಹೋಗಬೇಕು ಅಂತ ಗೊತ್ತಾಗುತ್ತದೆ. ಗೋಡೆಗೆ, ಕರೆಂಟ್ ಕಂಬಕ್ಕೆ ಮಾತ್ರ ಅಂಟಿಸಬೇಡಿ, ಊರಿನ ಅಂದ ಕೆಡಿಸುವುದರ ವಿರುದ್ಧ ನಮ್ಮ ರಾಜ್ಯದಲ್ಲಿ 1981ರಿಂದಲೇ ಕಾನೂನಿದೆ.

ಪ್ರೂಫ್ ಬಂದ ಮೇಲೆ ಫೋನ್ ನಂಬರ್ ಮುಚ್ಚಿ ಇಲ್ಲಿ ಹಾಕಿ. ಒತ್ತಕ್ಷರ ಒಂದೊಂದೂ ನೋಡಿ ಹೇಳುತ್ತೇನೆ.