ಬಾಗಿಲು ಜರ್ಮನಿಯದು, ಅಪ್ಪಣೆ ದಾವಣಗೆರೆಯದು

ಗಂಡನ ಕೆಲಸಕ್ಕೆಂದು ಹೊರದೇಶಕ್ಕೆ ಹೋಗಿ, ಅಲ್ಲಿ ನಾಲ್ಕು ಗೋಡೆ ಮಧ್ಯೆ ಕುಗ್ಗಿಹೋದ ಹೆಣ್ಣುಮಕ್ಕಳು ಆನ್‌ಲೈನ್‌ನಲ್ಲಿ ಆಪ್ತಸಲಹೆಗೆ ನನ್ನ ಹತ್ತಿರ ಬರುವುದು ಈಗ ಮಾಮೂಲಾಗಿದೆ. ದೇಶ ಬೇರೆ ಬೇರೆ, ಕಥೆ ಹೆಚ್ಚುಕಡಿಮೆ ಒಂದೇ. ಅದರಲ್ಲೊಂದನ್ನು ಅವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಬದಲಿಸಿ ಬರೆಯುತ್ತಿದ್ದೇನೆ. ನಾನು ಕೊಟ್ಟ ಸಲಹೆಗೆ ಅವರ ಮನೆಯವರು ಬೇಜಾರು ಮಾಡಿಕೊಂಡರು. ನಾಳೆ ಇನ್ನೊಬ್ಬರು ಬಂದರೂ ಅದನ್ನೇ ಹೇಳುತ್ತೇನೆ. ಯಾಕೆ ಅಂತ ಹೇಳಬೇಕು.

ಸುಮಾ ಅಂತ ಕರೆಯೋಣ. ದಾವಣಗೆರೆಯವರು, ಬಿಎಡ್ ಮಾಡಿ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದವರು. ಗಂಡನಿಗೆ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಕೆಲಸ, ಬ್ಲೂ ಕಾರ್ಡ್, ಅಂದರೆ ಹೆಚ್ಚು ಓದಿದ ಹೊರದೇಶದವರಿಗೆ ಅಲ್ಲಿದ್ದು ಕೆಲಸ ಮಾಡಲು ಕೊಡುವ ಪರವಾನಗಿ. ಹೋದ ಹೊಸದರಲ್ಲಿ ವಿಳಾಸ ನೋಂದಣಿ, ಬ್ಯಾಂಕು, ವಿಮೆ ಅಂತ ಓಡಾಟವಿತ್ತು. ಅದೆಲ್ಲ ಮುಗಿದ ಮೇಲೆ ಮಾಡಲು ಏನೂ ಉಳಿಯಲಿಲ್ಲ. ನಿದ್ದೆ ಕೆಟ್ಟಿತು, ಊಟ ಸೇರದಾಯಿತು.

ಇಂಥವರು ಬಂದಾಗ ಮೊದಲು ಕೇಳುವುದು ಬೇರೆಯೇ. ಮನೆಯಲ್ಲಿ ಕೈ ಮಾಡುತ್ತಾರಾ? ಪಾಸ್‌ಪೋರ್ಟ್ ಯಾರ ಹತ್ತಿರ ಇದೆ? ಹೊರಗೆ ಹೋಗಬೇಡ ಅಂತ ತಡೆಯುತ್ತಾರಾ? ಹೌದು ಅಂದರೆ ಹಾದಿಯೇ ಬೇರೆ. ಜರ್ಮನಿಯಲ್ಲಿ 116 016ಕ್ಕೆ ಫೋನ್ ಮಾಡಿದರೆ ಹಗಲು ರಾತ್ರಿ ಯಾವಾಗಲೂ ಹೆಂಗಸರ ಮಾತು ಕೇಳುವವರಿದ್ದಾರೆ, ಇಂಗ್ಲಿಷಿನಲ್ಲೂ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಸುಮಾ ಮನೆಯಲ್ಲಿ ಅಂಥದ್ದೇನೂ ಇರಲಿಲ್ಲ. ಗಂಡ ಒಳ್ಳೆಯವರೇ, ಕೆಲಸದ ಒತ್ತಡದಲ್ಲಿ ಮುಳುಗಿದವರು, ಅಷ್ಟೆ.

ಆಮೇಲೊಂದು ದಿನ ಸುಮಾ ಕ್ಯಾಮೆರಾ ಮುಂದೆ ಒಂದು ಸಣ್ಣ ಬೋರ್ಡು ಹಿಡಿದರು. ಮರದ್ದು, ಮೇಲೆ ದಾರ ಕಟ್ಟಿತ್ತು, ಏನೋ ಬರೆದಿತ್ತು. "ಮೇಡಂ, ಇದನ್ನ ಯಾರೋ ನಮ್ಮ ಬಾಗಿಲಿಗೆ ನೇತು ಹಾಕಿದ್ದರು. ಒಗ್ಗರಣೆ ವಾಸನೆಗೆ ಕಂಪ್ಲೇಂಟ್ ಮಾಡಿದ್ದಾರೆ ಅಂತ ಕಾಣುತ್ತೆ. ಅವತ್ತಿಂದ ಸಾಸಿವೆ ಸಿಡಿಸೋಕೇ ಭಯ." ಬೋರ್ಡು ಬಂದು ಎಷ್ಟೋ ವಾರ ಆಗಿತ್ತು. ಬೀರುವಿನಲ್ಲಿ ಬಟ್ಟೆ ಕೆಳಗೆ ಬಚ್ಚಿಟ್ಟಿದ್ದರು.

ಅದೇ ಕಡೆ ಇರುವ ಇನ್ನೊಬ್ಬರಿಂದ ಕೇಳಿ ನನಗೆ ಗೊತ್ತಿತ್ತು, ಅದು ಕೇರ್‌ವೋಖೆ ಬೋರ್ಡು. ಸ್ಟುಟ್‌ಗಾರ್ಟ್ ಸುತ್ತಮುತ್ತ ಹಳೇ ಪದ್ಧತಿ ಇದು. ಒಂದು ಕಟ್ಟಡದಲ್ಲಿರುವ ಮನೆಗಳವರು ಸರದಿ ಪ್ರಕಾರ ವಾರಕ್ಕೊಬ್ಬರಂತೆ ಮೆಟ್ಟಿಲು ಗುಡಿಸಿ ಒರೆಸಬೇಕು. ಯಾರ ಸರದಿಯೋ ಅವರ ಬಾಗಿಲಲ್ಲಿ ಬೋರ್ಡು. ಮುಗಿದ ಮೇಲೆ ಪಕ್ಕದವರ ಬಾಗಿಲಿಗೆ ತೂಗು ಹಾಕಬೇಕು. ಇದನ್ನು ಹೇಳಿದೆ. ಸುಮಾ ಸುಮ್ಮನೆ ಕೂತರು. ಆಮೇಲೆ ಹೇಳಿದರು, "ಪಕ್ಕದ ಅಜ್ಜಿ ಬೆಲ್ ಮಾಡಿದ್ದರು ಮೇಡಂ. ಅಮ್ಮ ಫೋನಲ್ಲೇ ಇದ್ದರು. ಬಾಗಿಲು ತೆಗೀಬೇಡ, ಬೋರ್ಡು ಒಳಗಿಡು, ಅಳಿಯಂದಿರು ಬರಲಿ ಅಂದರು."

ನಾನು ಹಿಡಿದುಕೊಂಡದ್ದು ಈ ಮಾತನ್ನು. ಅಮ್ಮ ಫೋನಲ್ಲೇ ಇದ್ದರು ಅಂದರೆ? ವಿಚಾರಿಸಿದರೆ, ಗಂಡ ಆಫೀಸಿಗೆ ಹೋದ ಮೇಲೆ ಎಂಟೂವರೆಗೆ ವಿಡಿಯೋ ಕಾಲ್ ಶುರು. ಚಳಿಗಾಲದಲ್ಲಿ ಆಗ ನಮ್ಮಲ್ಲಿ ಮಧ್ಯಾಹ್ನ ಒಂದು ಗಂಟೆ. ಫೋನನ್ನು ಅಡುಗೆಮನೆ ಕಟ್ಟೆ ಮೇಲೆ ಡಬ್ಬಿಗೆ ಒರಗಿಸಿಟ್ಟು ಇಬ್ಬರೂ ತಮ್ಮ ತಮ್ಮ ಕೆಲಸ ಮಾಡಿಕೊಳ್ಳುವುದು. ಅಮ್ಮ ಮಲಗುವವರೆಗೂ, ಅಂದರೆ ಅಲ್ಲಿಯ ಸಂಜೆ ಐದರವರೆಗೂ ಅದು ಆನ್ ಇರುತ್ತಿತ್ತು. ದಾವಣಗೆರೆ ಬೀದಿಗೆ ಸೊಪ್ಪಿನವಳು ಬಂದಳೋ ಇಲ್ಲವೋ ಸುಮಾಗೆ ಗೊತ್ತು. ಎದುರು ಮನೆಯಲ್ಲಿ ಯಾರಿದ್ದಾರೆ ಗೊತ್ತಿಲ್ಲ.

ಸಲಹೆ ಕೊಟ್ಟೆ. ಬೆಳಗಿನ ಹೊತ್ತು ಊರಿಗೆ ಫೋನ್ ಬೇಡ. ಸಂಜೆ ಮೂರೂವರೆಗೆ, ಅಮ್ಮನ ರಾತ್ರಿ ಎಂಟಕ್ಕೆ, ಒಂದು ಗಂಟೆ ಮನಸ್ಸಾರೆ ಮಾತಾಡಿ. ಬಾಗಿಲಿಗೆ ಬಂದ ವಿಷಯವನ್ನು ಅಮ್ಮನ ಹತ್ತಿರ ಕೇಳಬೇಡಿ, ಬಾಗಿಲಲ್ಲಿ ನಿಂತವರ ಹತ್ತಿರ ಕೇಳಿ. ಈ ವಾರ ಮೆಟ್ಟಿಲು ಒರೆಸಿ, ಬೋರ್ಡನ್ನು ಅಜ್ಜಿಯ ಕೈಗೇ ಕೊಟ್ಟು ನಿಮ್ಮ ಹೆಸರು ಹೇಳಿ ಬನ್ನಿ.

ಮರುದಿನ ಗಂಡನ ಫೋನ್ ಬಂತು. "ಅವಳಿಗಿರೋದು ಅಮ್ಮ ಒಬ್ಬರೇ ಮೇಡಂ, ಅದನ್ನೂ ಕಿತ್ತುಕೊಳ್ತೀರಲ್ಲ?" ಅವರ ಸಂಕಟ ಅರ್ಥವಾಗುತ್ತೆ. ಆದರೆ ನಾನು ಅಮ್ಮನನ್ನು ಕಿತ್ತುಕೊಂಡಿಲ್ಲ, ಗಂಟೆ ಬದಲಾಯಿಸಿದೆ. ತಾಯಿ ಅಷ್ಟು ದೂರದಿಂದ ಮಗಳ ಭಯವನ್ನು ಕೇಳಬಲ್ಲರು, ಅಲ್ಲಿಯ ಮೆಟ್ಟಿಲು ನೋಡಲಾರರು. ಗೊತ್ತಿಲ್ಲದ ಊರಿನ ಬಗ್ಗೆ ಯಾವ ತಾಯಿಯಾದರೂ ಹುಷಾರು, ಬಾಗಿಲು ಹಾಕಿಕೋ ಅಂತಲೇ ಹೇಳುವುದು. ಮಗಳು ದಿನವಿಡೀ ಅದನ್ನೇ ಕೇಳುತ್ತಿದ್ದರೆ ಬಾಗಿಲು ತೆಗೆಯುವುದು ಯಾವಾಗ? ಇನ್ನೊಂದು, ಭಾಷೆಗೆ ಹೊತ್ತು ಬೇಕು. ಹೊರಗಿನಿಂದ ಬಂದವರಿಗೆಂದು ಅಲ್ಲಿ ನಡೆಸುವ ಇಂಟಿಗ್ರೇಷನ್ ಕೋರ್ಸಿನಲ್ಲಿ ಭಾಷೆಗೇ 600 ಪೀರಿಯಡ್ ಇಟ್ಟಿದ್ದಾರೆ. ಬೆಳಗೆಲ್ಲ ಫೋನಿಗೆ ಹೋದರೆ ಆ ಹೊತ್ತನ್ನು ಎಲ್ಲಿಂದ ತರುವುದು? ಬ್ಲೂ ಕಾರ್ಡ್ ಇರುವವರ ಹೆಂಡತಿಗೆ ಕೆಲಸ ಮಾಡಲು ಕಾನೂನಿನ ಅಡ್ಡಿಯಿಲ್ಲ. ಸುಮಾಗೆ ಅದೇ ಗೊತ್ತಿರಲಿಲ್ಲ! ಗಂಡನ ಆಫೀಸಿನಲ್ಲಿ ಎಲ್ಲ ಇಂಗ್ಲಿಷು, ಅವರಿಗೆ ಭಾಷೆಯ ಬಿಸಿ ತಟ್ಟಿಯೇ ಇರಲಿಲ್ಲ. ಹಾಗಾಗಿ ಅವರಿಗೂ ಒಂದು ಕೆಲಸ ಹಚ್ಚಿದೆ, ಮುಂದಿನ ಸರದಿ ಬಂದಾಗ ಮೆಟ್ಟಿಲು ಒರೆಸುವುದು ಅವರದು.

ಇದು ಎಲ್ಲರಿಗೂ ಹೊಂದುವ ಸಲಹೆ ಅಲ್ಲ. ಬದುಕೇ ಬೇಡ ಅನ್ನಿಸುತ್ತಿರುವವರು ಫೋನ್ ಕಡಿಮೆ ಮಾಡಲೇಬಾರದು. ಮನೆಯವರಿಗೆ ಹೇಳಿ, ಡಾಕ್ಟರ ಹತ್ತಿರ ಹೋಗಬೇಕು. ಸುಮಾಗೂ ನಿದ್ದೆಯ ವಿಷಯಕ್ಕೆ ಡಾಕ್ಟರನ್ನು ಕಾಣಲು ಹೇಳಿದೆ, ಹೋಗಿ ಬಂದರು.

ಅಜ್ಜಿ ಬೋರ್ಡು ಇಸಿದುಕೊಂಡು, ಮೆಟ್ಟಿಲ ಮೂಲೆಯಲ್ಲಿ ಉಳಿದಿದ್ದ ಧೂಳನ್ನು ಬೆರಳಲ್ಲಿ ತೋರಿಸಿದರಂತೆ. ಸುಮಾ ಅದಕ್ಕೆ ಅಳಲಿಲ್ಲ, ವಾಪಸ್ ಹೋಗಿ ಒರೆಸಿದರು. ಈಗ ಬೆಳಿಗ್ಗೆ ಭಾಷೆಯ ಕ್ಲಾಸಿಗೆ ಹೋಗುತ್ತಿದ್ದಾರೆ. ಅಮ್ಮನಿಗೆ ಇನ್ನೂ ನನ್ನ ಮೇಲೆ ಕೋಪವಿದೆ. ಸರ್ಕಾರಿ ಶಾಲೆಯಲ್ಲಿ ಪಾಠ ಮಾಡಬೇಕೆಂದರೆ ಬಿಎಡ್‌ಗೆ ಅಲ್ಲಿ ಮಾನ್ಯತೆ ಸಿಗಬೇಕು, ಜರ್ಮನ್ ಕೂಡ ತುಂಬಾ ಮೇಲಿನ ಮಟ್ಟದ್ದು ಬೇಕು. ಅದು ವರ್ಷಗಳ ಕೆಲಸ, ಹಾಗೆಂದು ಅವರಿಗೆ ನೇರವಾಗಿಯೇ ಹೇಳಿದ್ದೇನೆ. ಸದ್ಯಕ್ಕೆ ಇಂಗ್ಲಿಷಿನಲ್ಲಿ ಪಾಠ ನಡೆಯುವ ಶಾಲೆಗಳಿಗೆ ಅರ್ಜಿ ಬರೆಯುತ್ತಿದ್ದಾರೆ.